ಚುಚ್ಚಿಸಿಕೊಳ್ಳದೆ ಮನೆಗೆ ಬಂದ ಕಿವಿಗಳು

ಗೆಳೆಯರೇ, ಇವತ್ತು ಭಾಗ್ಯನಗರದಲ್ಲಿ ಬಂಗಾರದ ಕೆಲಸದ ಪತ್ತಾರ ಕಾಕಾನ ಅಂಗಡಿಯಿಂದ ಐದು ವರ್ಷದ ಹುಡುಗಿ ಪರಾರಿಯಾದಳು. ನನ್ನ ಅಕ್ಕನ ಮಗಳು ಭೂಮಿಕಾ. ಸೋದರಮಾವನ ತೊಡೆಯ ಮೇಲೆ ಕೂತೇ ಕಿವಿ ಚುಚ್ಚಿಸಿಕೊಳ್ಳಬೇಕಲ್ಲ, ಅದಕ್ಕೆಂದೇ ನಾನು ರಜೆ ಹಾಕಿ ಹೋಗಿದ್ದೆ.

ಅವಳ ಕಿವಿಯ ಹಿಂದಿನ ಮಷೀನು ನೋಡಿ ಕಾಕಾ ಅದೇನೆಂದು ಕೇಳಿದರು.

“ಹೊಟ್ಟ್ಯಾಗ ಇದ್ದಾಗನ ವೈರಸ್ ತಗಲಿ ಅಕಿಗೆ ಕಿವಿ ಕೇಳ್ತಿದ್ದಿಲ್ರಿ. ಆಪರೇಷನ್ ಮಾಡಿಸಿ ಕೇಳ್ಸೂ ಮಷೀನ್, ಕಾಕ್ಲಿಯರ್ ಇಂಪ್ಲಾಂಟ್ ಹಾಕ್ಸೀವಿ” ಎಂದಳು ಅಕ್ಕ.

ಕಾಕಾ ಮೊದಲ ಮಾತನ್ನಷ್ಟೇ ತಲೆಗೆ ಹಾಕಿಕೊಂಡರು. ಕಿವಿ ಚುಚ್ಚುವ ತಂತಿ ಕೈಗೆತ್ತಿಕೊಂಡು ಅವಳ ಎದುರಿಗೇ ನನಗೆ ಹೇಳಿದರು: “ತಮ್ಮಾ, ಪೇಡಾ ತೋರ್ಸಿ ಆ ಕಡೆ ನೋಡೂವಂಗ ಮಾಡು. ನಾ ಚುಚ್ಚಿಬಿಡ್ತೀನಿ. ಭಾಳ ನೋಯ್ತೈತಿ, ಗಟ್ಟಿ ಹಿಡ್ಕೊ. ಅಕಿಗೇನ್ ಕೇಳ್ಸ್ತೈತಿ ಬಿಡು.”

“ನಂಗ ಕೇಳ್ಸ್ತೈತಿ” ಎಂದಳು ಭೂಮಿಕಾ. ಅವಳಿಗೆಂದು ತಂದು ನಾನು ಕೈಯಲ್ಲಿ ಹಿಡಿದಿದ್ದ ಪೇಡಾ ಕಿತ್ತುಕೊಂಡು ತೊಡೆಯಿಂದ ಜಾರಿ ರಸ್ತೆಗಿಳಿದಳು.

ಅವಳನ್ನು ಎತ್ತಿಕೊಂಡು ನಾನು ಒಳಗೆ ಬರುವಷ್ಟರಲ್ಲಿ ಕಾಕಾ ಅಕ್ಕನ ಮೇಲೆ ಸಿಟ್ಟಾಗಿದ್ದರು. “ಕೇಳ್ಸಂಗಿಲ್ಲ ಅಂದಿದ್ದಿ ಅಲ್ಲವಾ ತಂಗಿ?”

ಅಕ್ಕನಿಗೆ ಅದೇ ಬೇಕಿತ್ತೇನೋ. ಎರಡು ವರ್ಷ ಮಗಳ ಬೆನ್ನ ಹಿಂದೆ ನಿಂತು ತಟ್ಟೆ ಬಡಿದು, ಹೆಸರು ಕರೆದು, ತಿರುಗುತ್ತಾಳೋ ಇಲ್ಲವೋ ಎಂದು ಉಸಿರು ಹಿಡಿದು ಕಾದವಳು ಅವಳು. ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

“ಮುಂದಿನ ಸಲ ಆ ಮಷೀನ್ ಮನ್ಯಾಗ ತಗದಿಟ್ಟು ಕರ್ಕೊಂಡ್ ಬಾ” ಎಂದರು ಕಾಕಾ.

“ಮಷೀನ್ ಇರ್ಲಿ ಬಿಡ್ರಿ ಕಾಕಾ” ಎಂದಳು ಅಕ್ಕ. “ಇನ್ ಮ್ಯಾಲೆ ನೀವ ಸ್ವಲ್ಪ ಸಣ್ಣಗ ಮಾತಾಡೂದು ಕಲೀರಿ.”