ಹಾದಿಯ ಶರಣಾರ್ಥಿ

ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾಲದಲ್ಲಿ ಬೀದರದಿಂದ ಭಾಲ್ಕಿ ಮುಟ್ಟುವಷ್ಟರಲ್ಲಿ, ಎದುರು ಬಂದವರಿಗೆಲ್ಲ ‘ಶರಣಾರ್ಥಿ’ ಹೇಳಿ ಹೇಳಿ ಘಾಳೆಪ್ಪನ ಗಂಟಲು ಒಣಗುತ್ತಿತ್ತು. ಈಗ ಅವನ ಕೈಯಲ್ಲಿ ಜಾಗೀರದಾರರ ಮೋಟಾರು. ಸಾಹೇಬರಿಗೆ ವೇಗದ್ದೊಂದೇ ಹುಚ್ಚು: “ಔರ್ ತೇಜ್!” ಅವನು ಬಾಯಿ ತೆರೆಯುವಷ್ಟರಲ್ಲಿ ಹಾದಿಯ ಮಂದಿ ಹಿಂದಿನ ಧೂಳಿನಲ್ಲಿ ಮುಳುಗಿರುತ್ತಿದ್ದರು. ಆದರೂ ಅವನು ಶರಣಾರ್ಥಿ ಬಿಡಲಿಲ್ಲ, ಧೂಳಿಗೇ ಹೇಳುತ್ತಿದ್ದ.

ಒಂದು ಮಧ್ಯಾಹ್ನ ಸಾಹೇಬರನ್ನು ಔರಾದದಲ್ಲಿ ಇಳಿಸಿ ಒಬ್ಬನೇ ಮರಳುವಾಗ, ಹಾದಿಯ ಮಗ್ಗುಲಲ್ಲಿ ಡಾಬಕಾ ಊರಿಗೆ ಕೊಟ್ಟಿದ್ದ ಅಕ್ಕ ಕಾಶಿಬಾಯಿ ಕಂಡಳು. ಹಿಗ್ಗಿನಿಂದ ಆಕೆಯ ಹತ್ತಿರವೇ ಮೋಟಾರು ನಿಲ್ಲಿಸಿದ. ಎಂಜಿನ್ ಮಾತ್ರ ಗುಡುಗುತ್ತಲೇ ಇತ್ತು.

“ಅಕ್ಕಾ, ಶರಣಾರ್ಥಿ!”

ಆಕೆಗೆ ಕೇಳಿಸಲಿಲ್ಲ. ಬೆನ್ನು ತಿರುಗಿಸಿ, ಮುಖಕ್ಕೆ ಸೆರಗು ಮುಚ್ಚಿ, ಆಡಿನ ಮರಿಯನ್ನು ಎದೆಗವಚಿಕೊಂಡು ನಿಂತಿದ್ದಳು.

“ಅಂಜಬ್ಯಾಡ ನನ್ನವ್ವಾ,” ಎಂದು ಎಂಜಿನ್ನಿನ ಸದ್ದು ಮೀರಿ ಮರಿಗೆ ಕೂಗಿ ಹೇಳುತ್ತಿದ್ದಳು, “ಆ ಪೀಡಾ ಈಗ ಹೋಗ್ತದ.”

ಘಾಳೆಪ್ಪ ಹೋದ.