ಗಿಣ್ಣು ಕೊಡದ ಮನೆಗಳು

ಅಜ್ಜಂಪುರದ ಪಶು ಆಸ್ಪತ್ರೆಯ ಸಹಾಯಕ ತಿಪ್ಪೇಶನ ಮೈಮೇಲೆ ಯುದ್ಧದ ಗಾಯಗಳಿಗೇನೂ ಕಡಿಮೆಯಿರಲಿಲ್ಲ. ಮೊಣಕಾಲಿನ ಗುರುತು ಅಂತರಘಟ್ಟೆಯ ಎಮ್ಮೆಯ ಕಾಣಿಕೆ. ಪಕ್ಕೆಯದು ಅಮೃತಾಪುರದ ಹೋರಿಯದು, ಅದು ಕ್ಷಮೆಯನ್ನೂ ಕೇಳಿರಲಿಲ್ಲ. ಇಂಥ ವೀರನನ್ನು ಇಪ್ಪತ್ತು ವರ್ಷ ಲೋಕ ಗಮನಿಸಲೇ ಇಲ್ಲ. ಗಮನಿಸಿದವಳು ಯಶೋಧರಾ.

ತರೀಕೆರೆ ಕಡೆಯ ಹುಡುಗಿ, ಈಗ ದೊಡ್ಡ ಸಂಸ್ಥೆಯೊಂದರಲ್ಲಿ ವಿಜ್ಞಾನಿ. ಎಳೆಗರುಗಳ ರಕ್ತದಲ್ಲಿ ರೋಗದೊಡನೆ ಹೋರಾಡುವ ಶಕ್ತಿ ಎಷ್ಟಿದೆ ಎಂದು ಅಳೆಯುವುದು ಅವಳ ಕೆಲಸ. ತಿಂಗಳಿಗೊಮ್ಮೆ ಕಡೂರಿನಲ್ಲಿ ರೈಲಿಳಿದು ಬರುತ್ತಿದ್ದಳು. ಉಳಿದ ದಿನಗಳಲ್ಲಿ ತಿಪ್ಪೇಶ ಮೊಪೆಡ್ಡಿಗೆ ಐಸ್ ಪೆಟ್ಟಿಗೆ ಕಟ್ಟಿಕೊಂಡು ಊರೂರಿನ ಕೊಟ್ಟಿಗೆಗಳ ಮೇಲೆ ದಂಡೆತ್ತಿ ಹೋಗುತ್ತಿದ್ದ.

ಮೊದಲ ವರ್ಷವೇ ಅವನೊಂದು ಘನಂದಾರಿ ತಪ್ಪು ಮಾಡಿದ. ರಕ್ತದ ಕೊಳವೆಗಳ ಮೇಲೆ ಬರೀ ನಂಬರ್ ಬರೆಯಲು ಅವಳು ಹೇಳಿದ್ದಳು. ಹೆಸರಿರುವ ಹಸುವಿನ ಮಗುವಿಗೆ ನಂಬರ್ ಹಾಕಲು ತಿಪ್ಪೇಶನಿಗೆ ಮನಸ್ಸು ಬರಲಿಲ್ಲ. ಜೊತೆಗೆ, ಹಸು ಈದ ಮನೆಗೆ ಹೋದವನಿಗೆ ಒಂದು ತಟ್ಟೆ ಗಿಣ್ಣು ಕೊಡುವುದು ಈ ಸೀಮೆಯ ರೂಢಿ. ಕೊಟ್ಟವರನ್ನು ಮರೆಯಬಾರದು, ಕೊಡದವರನ್ನಂತೂ ಮರೆಯಲೇಬಾರದು. ಹಾಗಾಗಿ ಕೊಳವೆಗಳ ಮೇಲೆ ಹೀಗೆ ಬರೆದಿದ್ದ: ‘ಹನುಮಂತಮ್ಮನ ಗೌರಿಯ ಮಗಳು. ಗಿಣ್ಣು ಕೊಟ್ಟರು, ಏಲಕ್ಕಿ ಹಾಕಿದ್ದರು.’ ‘ಬೀರಪ್ಪನ ಕೆಂದಿಯ ಮಗ. ಗಿಣ್ಣು ಕೊಡಲಿಲ್ಲ.’

ಯಶೋಧರಾ ಫೋನಿನಲ್ಲೇ ಅವನ ಬೆವರಿಳಿಸಿದಳು. ಎರಡು ತಿಂಗಳಾದ ಮೇಲೆ ಅವಳದೇ ಫೋನು ಬಂತು, ದನಿ ಬೇರೆಯಾಗಿತ್ತು.

‘ತಿಪ್ಪೇಶಣ್ಣ, ನಿನಗೆ ಗಿಣ್ಣು ಕೊಡದ ಮನೆ ಕರುಗಳೇ ಗಟ್ಟಿ ಕಣೋ.’

‘ಜಿಪುಣರ ಮನೇಲಿ ಎಲ್ಲಾ ಗಟ್ಟೀನೇ ಮೇಡಂ.’

‘ಅಲ್ಲಿ ಮೊದಲ ಹಾಲು ಕರುವಿನ ಹೊಟ್ಟೆಗೆ ಹೋಗಿದೆ. ಕೈ ಬಿಚ್ಚಿ ಹಂಚಿದವರ ಮನೇಲಿ ಊರಿನ ಹೊಟ್ಟೆಗೆ ಹೋಗಿದೆ.’

ಆಮೇಲೆ ಎರಡು ವರ್ಷ ಸರಿಯಾದ ಕ್ರಮದಲ್ಲಿ, ನಂಬರ್ ಹಾಕಿಯೇ, ಮತ್ತೆ ನೋಡಿದರು. ಅದೇ ಉತ್ತರ. ಪ್ರಬಂಧ ಅಚ್ಚಾಯಿತು, ಲೇಖಕರ ಸಾಲಿನಲ್ಲಿ ಮೂರನೆಯ ಹೆಸರು ತಿಪ್ಪೇಶನದು. ಅದಕ್ಕೆ ಲ್ಯಾಮಿನೇಷನ್ ಮಾಡಿಸಿ ಕಾಲುಬಾಯಿ ಲಸಿಕೆಯ ಚಾರ್ಟಿನ ಪಕ್ಕ ನೇತುಹಾಕಿದ. ಅಷ್ಟೇ ಸಾಲದು, ಬೇರೆ ವಿಜ್ಞಾನಿಗಳು ತಮ್ಮ ಬರಹದಲ್ಲಿ ನಮ್ಮದನ್ನು ಉಲ್ಲೇಖಿಸಿದರೇ ಬೆಲೆ ಎಂದು ಯಶೋಧರಾ ತಿಳಿಸಿದ ಮೇಲೆ, ದಿನಾ ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಮೊಬೈಲಿನಲ್ಲಿ ಉಲ್ಲೇಖಗಳ ಲೆಕ್ಕ ನೋಡುವ ವ್ರತ ಹಿಡಿದ. ಐದು ವರ್ಷಕ್ಕೆ ಹನ್ನೊಂದಾಯಿತು. ಅದರಲ್ಲಿ ನಾಲ್ಕು ಯಶೋಧರಾಳದೇ ಬೇರೆ ಪ್ರಬಂಧಗಳಲ್ಲಿದ್ದವು.

‘ನಮ್ಮನ್ನ ನಾವೇ ಹೇಳ್ಕಂಡ್ರೆ ಲೆಕ್ಕಕ್ಕೆ ಬತ್ತದಾ?’

‘ಲೆಕ್ಕಕ್ಕೆ ಬರುತ್ತೆ. ಮರ್ಯಾದೆ ಬರಲ್ಲ.’

ಈ ಸಲ ಕಡೂರಿನಲ್ಲಿ ರೈಲಿಳಿದವಳು ಸಪ್ಪಗಿದ್ದಳು. ಅವಳ ಕೆಲಸವನ್ನು ಅಳೆದ ಸಮಿತಿಗೆ ಹನ್ನೊಂದು ಎಂಬುದು ಅಂಕಿಯಾಗಿಯೇ ಕಂಡಿರಲಿಲ್ಲ. ಕರುಗಳನ್ನು ಬಿಟ್ಟು ಇಲಿಗಳ ತಂಡ ಸೇರಬೇಕಂತೆ, ಅಲ್ಲಿ ಉಲ್ಲೇಖಗಳು ಬೇಗ ಬೆಳೆಯುತ್ತವಂತೆ.

‘ಇದೇ ಕೊನೇ ಸಲ ತಿಪ್ಪೇಶಣ್ಣ.’

ತಿಪ್ಪೇಶನಿಗೆ ಹೋರಿಯ ಒದೆತ ಮತ್ತೊಮ್ಮೆ ಬಿದ್ದಂತಾಯಿತು. ದನ ಹಿಡಿಯುವವನಾಗಿ ನಿವೃತ್ತನಾಗಬೇಕಿದ್ದವನು ಈ ಕರುಗಳ ದೆಸೆಯಿಂದ ಏನನ್ನೋ ಕಂಡುಹಿಡಿದವನಾಗಿದ್ದ.

‘ಎಷ್ಟಿರಬೇಕಿತ್ತಂತೆ?’

‘ನೂರಾದ್ರೂ.’

‘ನಮ್ಮ ಹಾಲಿನ ಸೊಸೈಟೀಲೇ ನೂರಿಪ್ಪತ್ತು ಜನ ಅವ್ರೆ. ಸೈನ್ ಹಾಕಿಸ್ಕಂಬರ್ಲಾ?’

ಅವಳು ನಕ್ಕಳು. ನಗಿಸಿದ್ದಕ್ಕೆ ಅವನಿಗೆ ಖುಷಿಯಾಗಲಿಲ್ಲ.

ಕೊನೆಯ ಮನೆ ಅಂತರಘಟ್ಟೆಯ ಹನುಮಂತಮ್ಮನದು. ಗಿಣ್ಣು ಹಂಚುವುದರಲ್ಲಿ ಆ ಊರಿಗೇ ಧಾರಾಳಿ. ಗೌರಿಯ ಹಿಂದಿನ ಎರಡು ಕರುಗಳು ಹದಿನೈದು ದಿನ ತುಂಬುವ ಮೊದಲೇ ಭೇದಿ ಹತ್ತಿ ಸತ್ತಿದ್ದವು. ಈ ಸಲದ್ದು ಹುಟ್ಟಿ ಒಂದು ದಿನವಾಗಿತ್ತು. ಇವರು ಬೇಲಿಯ ಹತ್ತಿರ ಮೊಪೆಡ್ ನಿಲ್ಲಿಸುವಾಗ ಒಳಗಿನಿಂದ ಮಾತು ಕೇಳಿಸಿತು. ಪಕ್ಕದ ಮನೆಯ ಮಲ್ಲಿಕಾಂಬ ಪಾತ್ರೆ ಹಿಡಿದು ನಿಂತಿದ್ದಳು.

‘ನಿನ್ನೆನೂ ಗಿಣ್ಣುಹಾಲಿಲ್ಲ, ಇವತ್ತೂ ಇಲ್ಲ. ಏನಾಯ್ತೇ ನಿನಗೆ?’

‘ಕರ ಕುಡೀಲಿ. ಉಳಿದ್ರೆ ಕಳಿಸ್ತೀನಿ.’

‘ಇದ್ಯಾವ ಶಾಸ್ತ್ರ ಕಣೇ?’

‘ಯಶೋಧರಾ ಅಂತ ನಮ್ಮ ಕಡೆ ಹುಡುಗೀನೇ, ಇನ್ನೂರು ಕರ ನೋಡಿ ಬರ್ದವ್ಳೆ. ಹುಟ್ಟಿದ ಆರು ಗಂಟೆ ಒಳಗೆ ತಾಯಿ ಮೊದಲ ಹಾಲು ಹೊಟ್ಟೆ ತುಂಬಾ ಕುಡಿದ್ರೆ ಕರ ಉಳೀತದೆ. ತಿಪ್ಪೇಶನೂ ಅದ್ರಲ್ಲಿ ಸೇರವ್ನೆ, ಮೂರನೇ ಹೆಸರು.’

‘ಹೌದಾ?’ ಮಲ್ಲಿಕಾಂಬ ಪಾತ್ರೆ ಕೆಳಗಿಳಿಸಿದಳು. ‘ನಮ್ಮ ಕಪಿಲೆಗೂ ಮುಂದಿನ ತಿಂಗಳೇ. ನೋಡಣ.’

ಯಶೋಧರಾ ಬೇಲಿಯ ಗೂಟ ಹಿಡಿದು ನಿಂತೇ ಇದ್ದಳು. ಕನ್ನಡಕ ತೆಗೆದು ಸೆರಗಿಗೆ ಒರೆಸಿದಳು, ಹಾಕಿಕೊಂಡಳು, ಮತ್ತೆ ತೆಗೆದಳು.

‘ಹನ್ನೆರಡು ಆಯ್ತು ಮೇಡಂ,’ ಎಂದ ತಿಪ್ಪೇಶ ಮೆಲ್ಲಗೆ.

‘ಕಪಿಲೆ ಈದ್ಮೇಲೆ ಹದಿಮೂರು.’

ಕರು ತಾಯಿಯ ಹೊಟ್ಟೆಯಡಿ ಬಾಲ ಕುಣಿಸುತ್ತಿತ್ತು. ಯಶೋಧರಾ ಕೊಟ್ಟಿಗೆಯಲ್ಲಿ ಕುಳಿತು ಐಸ್ ಪೆಟ್ಟಿಗೆ ತೆರೆದಳು.

‘ಸಂಬಳಕ್ಕೆ ಇಲಿ ನೋಡ್ತೀನಿ. ತಿಂಗಳಿಗೊಂದು ಭಾನುವಾರ ನನ್ನದು. ಆ ದಿನ ಕಡೂರು ಸ್ಟೇಷನ್ನಿಗೆ ಬರ್ತೀಯಾ?’

‘ಬರ್ದೆ ಇರ್ತೀನಾ,’ ಎಂದ ತಿಪ್ಪೇಶ. ಕರುವನ್ನು ಎದೆಗವಚಿ ಹಿಡಿದ. ಅದು ಪದ್ಧತಿಯಂತೆ ಒದೆಯಿತು, ಗಟ್ಟಿಯಾಗಿಯೇ ಒದೆಯಿತು.

ರಕ್ತ ತುಂಬಿದ ಕೊಳವೆಯ ಮೇಲೆ ಅವನು ಶಿಸ್ತಾಗಿ ನಂಬರ್ ಬರೆದು ಕೊಟ್ಟ. ಯಶೋಧರಾ ಅದನ್ನು ತಿರುಗಿಸಿ ನೋಡಿ ಹಿಂದಕ್ಕೆ ಕೊಟ್ಟಳು.

‘ಕೆಳಗೆ ಇನ್ನೊಂದು ಸಾಲಿಗೆ ಜಾಗ ಇದೆಯಲ್ಲ.’

ತಿಪ್ಪೇಶ ಪೆನ್ನು ಝಾಡಿಸಿ, ಹನುಮಂತಮ್ಮನ ಮನೆಯ ವಿಷಯದಲ್ಲಿ ಹಿಂದೆಂದೂ ಬರೆಯದಿದ್ದ ಮಾತನ್ನು ದುಂಡಗೆ ಬರೆದ: ‘ಗೌರಿಯ ಮಗ. ಗಿಣ್ಣು ಕೊಡಲಿಲ್ಲ.’