ಗಾಜಿನ ಮೇಲೆ ಒತ್ತಿ ನೋಡಿದ ಅಂಟು

ಓದುವ ಎಲ್ಲರಿಗೂ ಶರಣು. ನಾನು ಶಾಲೆ ಕಲಿತದ್ದು ಮೀಸೆ ಬಂದ ಮೇಲೆ. ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಪುಣೆಗೆ ಬಂದಾಗ ಕಟ್ಟಡಗಳಲ್ಲಿ ಟೈಲ್ಸ್ ಕೂರಿಸುತ್ತಿದ್ದೆ. ಈಗ ಭೋಸರಿಯ ಒಂದು ಸಣ್ಣ ಶೆಡ್ಡಿನಲ್ಲಿ ಎಲ್ಇಡಿ ದೀಪ ಜೋಡಿಸುತ್ತೇನೆ. ಶೆಡ್ಡಿನ ಒಡತಿ ವಿಜಯಪುರದ ಕಡೆಯವರು. ನಾವೆಲ್ಲ ಅವರನ್ನು ಅಕ್ಕಾರು ಎನ್ನುತ್ತೇವೆ.

ಬಾರಾಮತಿ ಕಡೆಯ ಒಂದು ಸಕ್ಕರೆ ಕಾರ್ಖಾನೆಗೆ ದೀಪ ಕಳಿಸಿದ್ದೆವು. ಬಾಯ್ಲರ್ ಪಕ್ಕದ ಸೆಕೆಗೆ ಅವು ಒಂದೊಂದಾಗಿ ಕೆಟ್ಟವು. ದೀಪದ ಬಿಸಿಯನ್ನು ಹೊರಗೆ ಬಿಡಲು ಬೆನ್ನಿಗೆ ಅಲ್ಯೂಮಿನಿಯಂ ಹೀಟ್‌ಸಿಂಕ್ ಇರುತ್ತದೆ. ಸ್ಕ್ರೂ ಹಾಕಲು ಜಾಗವಿಲ್ಲದ್ದರಿಂದ ಅದನ್ನು ಅಂಟಿನಿಂದಲೇ ಕೂರಿಸುತ್ತೇವೆ. ನಾವು ಹಾಕಿದ್ದ ಗಟ್ಟಿ ಅಂಟು ಕಾದು ಆರಿ, ಕಾದು ಆರಿ, ಸೀಳು ಬಿಟ್ಟಿತ್ತು. ಕಾರ್ಖಾನೆಯವರು ಇನ್ನೊಂದೇ ಅವಕಾಶ ಕೊಟ್ಟರು.

"ಈ ಸಲನೂ ಕೆಟ್ರ ಶಟರ್ ಎಳದು ಮನಿಗೆ ಹೋಗೂದ ನೋಡು" ಎಂದರು ಅಕ್ಕಾರು. ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

ನಮಗೆ ಅಂಟು ಮಾರುವ ಅಂಗಡಿಯವನು ಎರಡು ನಮೂನೆ ತಂದ. ಶಾಖ ದಾಟಿಸುವ ಶಕ್ತಿಯ ಸಂಖ್ಯೆ ಒಂದರ ಡಬ್ಬಿಯ ಮೇಲೆ ದೊಡ್ಡದಿತ್ತು, ಬೆಲೆಯೂ ಹಾಗೇ. ಇದಕ್ಕಿಂತ ಮೇಲಿನದು ಇಲ್ಲವೆಂದು ಮರಾಠಿಯಲ್ಲಿ ಆಣೆ ಮಾಡಿದ. ನಾನಾದರೆ ಅದನ್ನೇ ಆರಿಸುತ್ತಿದ್ದೆ.

ಅಕ್ಕಾರು ಕಿಟಕಿಯದೊಂದು ಹಳೆಯ ಗಾಜು ತರಿಸಿದರು. ಎರಡು ಹೀಟ್‌ಸಿಂಕಿಗೂ ಬೇರೆ ಬೇರೆ ಅಂಟು ಹಚ್ಚಿ, ಗಾಜಿಗೆ ಒಂದೇ ಸಮ ಒತ್ತಿ, ಎತ್ತಿ ಹಿಡಿದು ಕೆಳಗಿನಿಂದ ನೋಡಿದರು. ನನ್ನನ್ನೂ ಕರೆದರು. ದೊಡ್ಡ ಸಂಖ್ಯೆಯದು ಬಿರುಸಾಗಿತ್ತು. ಹರಡದೆ ದಪ್ಪಗೆ ನಿಂತಿತ್ತು, ನಡುನಡುವೆ ಖಾಲಿ ಜಾಗ. ಇನ್ನೊಂದು ಸಿಲಿಕೋನ್ ಅಂಟು, ಅಂಚಿನ ತನಕ ತೆಳ್ಳಗೆ ಹರಿದಿತ್ತು.

"ಟೈಲ್ಸ್ ಯಾಕ ಪೊಳ್ಳ ಸಪ್ಪಳ ಮಾಡ್ತಾವ, ಹೇಳು."

"ಒಳಗ ಗಾಳಿ ಉಳದಿರ್ತದ್ರೀ ಅಕ್ಕಾರ."

"ಆ ಗಾಳಿ ಬಿಸಿ ದಾಟಸ್ತದೇನು? ಮತ್ತ ದೊಡ್ಡ ನಂಬರ್ ತಗೊಂಡು ಉಪ್ಪಿನಕಾಯಿ ಹಾಕೂಣೇನು?"

ಅಂಗಡಿಯವನಿಗೆ ಕನ್ನಡ ಬಾರದು, ಆದರೂ ಅವನೂ ನಕ್ಕ.

ಅಷ್ಟಕ್ಕೇ ಅವರು ನಂಬಲಿಲ್ಲ. ಎರಡೂ ಅಂಟಿನಿಂದ ಒಂದೊಂದು ದೀಪ ಮಾಡಿಸಿ, ಒಣಗಲು ಬಿಟ್ಟು, ದಿನವಿಡೀ ಉರಿಸಿ ಬಿಸಿ ಅಳೆದರು. ಸಿಲಿಕೋನಿನದೇ ತಂಪಾಗಿತ್ತು. ಆಮೇಲೆ ಅದನ್ನು ಓವನ್ನಿನಲ್ಲಿಟ್ಟು ತೆಗೆದು, ಆರಿಸಿ, ಮತ್ತೆ ಇಟ್ಟರು. ರಬ್ಬರಿನಂತೆ ತುಸು ಹಿಗ್ಗಿ ಕುಗ್ಗುವ ಅಂಟು ಅದು, ಕೊನೆತನಕ ಸೀಳು ಬಿಡಲಿಲ್ಲ. ಗೊತ್ತಿದ್ದರೂ ಪರೀಕ್ಷೆ ಮಾಡಿಯೇ ನಂಬುವ ಜನರನ್ನು ನಾನು ಹೆಚ್ಚು ನೋಡಿಲ್ಲ.

ಅದೇ ಸಿಲಿಕೋನ್ ಅಂಟಿನಿಂದ ಹೊಸ ದೀಪ ಜೋಡಿಸಿ ಕಾರ್ಖಾನೆಗೆ ಕಳಿಸಿದೆವು. ಕಬ್ಬು ನುರಿಸುವ ಹಂಗಾಮು ಮುಗಿಯುವ ಹೊತ್ತಿಗೆ ಅಕ್ಕಾರು ತಾವೇ ಕಾರ್ಖಾನೆಗೆ ಹೋಗಿಬಂದರು. ನಾವೆಲ್ಲ ಕೆಲಸ ಬಿಟ್ಟು ಅವರ ಮುಖವನ್ನೇ ನೋಡುತ್ತಿದ್ದೆವು. ಅವರು ಚಪ್ಪಲಿ ಬಿಟ್ಟು, ನೀರು ಕುಡಿದು, ನನ್ನತ್ತ ತಿರುಗಿದರು.

"ಎಲ್ಲಾ ಉರೀಲಿಕ್ಕತ್ತಾವ. ಆ ಗಾಜು ಒರಸಿ ಇಡು, ಮತ್ತ ಬೇಕಾಗ್ತದ."

ನಿಮ್ಮ ಕೆಲಸದಲ್ಲೂ ಹೀಗೆ ಯಾರಾದರೂ ಕಣ್ಣು ತೆರೆಸಿದ್ದರೆ ಬರೆದು ತಿಳಿಸಿ. ನಿಧಾನವಾಗಿಯಾದರೂ ಎಲ್ಲವನ್ನೂ ಓದುತ್ತೇನೆ.